‘ನನಗೇನೂ ಆಗಿಲ್ಲ ಕಣೋ’

ಸಮ್ಮೇಳನಕ್ಕೆಂದು ದೂರದೂರದಿಂದ ಕಾರಿನಲ್ಲಿ ಬಂದಿರುವ ತಮ್ಮಲ್ಲಿ ಹಲವರೊಂದಿಗೆ ಊರಿನಿಂದ ಬಂದ ತಂದೆತಾಯಿಯರೂ ಇರಬಹುದು. ಅವರನ್ನು ನೆನೆದೇ ಈ ಅನುಭವವನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

2018ರ ಅಕ್ಟೋಬರಿನ ಒಂದು ಭಾನುವಾರ. ನ್ಯೂಜೆರ್ಸಿಯಲ್ಲಿ ದೇವಸ್ಥಾನದಿಂದ ಹಿಂದಿರುಗುವಾಗ, ಕೆಂಪುದೀಪದೆದುರು ನಿಂತಿದ್ದ ನಮ್ಮ ಕಾರಿಗೆ ಹಿಂದಿನಿಂದ ಮತ್ತೊಂದು ಕಾರು ಗುದ್ದಿತು. ಮೈಸೂರಿನಿಂದ ಬಂದು ಎರಡು ತಿಂಗಳಾಗಿದ್ದ, ಎಪ್ಪತ್ತಾರು ವಯಸ್ಸಿನ ನನ್ನ ತಾಯಿಯ ತಲೆ ಕಿಟಕಿಯ ಗಾಜಿಗೆ ತಾಗಿತು. ಪೊಲೀಸರು ಬಂದು, ಆಂಬುಲೆನ್ಸ್ ಬೇಕೇ ಎಂದು ಕೇಳಿದರು.

‘ನನಗೇನೂ ಆಗಿಲ್ಲ ಕಣೋ. ಸುಮ್ಮನೆ ಯಾಕೆ ದುಡ್ಡು ದಂಡ? ಮನೆಗೆ ನಡಿ’ ಎಂದರು ಅಮ್ಮ.

ಇಲ್ಲಿನ ಆಸ್ಪತ್ರೆಯ ಬಿಲ್ಲಿನ ಭಯ ಅವರಿಗಿಂತ ನನಗೇ ಹೆಚ್ಚಾಗಿತ್ತೆಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ಅವರ ಮಾತನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ‘ಗಾಯಗಳಿಲ್ಲ’ ಎಂದು ವರದಿಯಲ್ಲಿ ದಾಖಲಾಯಿತು.

ಹದಿನೇಳನೆಯ ದಿನ ಬೆಳಗ್ಗೆ ಅಮ್ಮನ ಕೈಯಿಂದ ಕಾಫಿಯ ಲೋಟ ಜಾರಿತು, ಮಾತು ತೊದಲಿತು. ಸ್ಕ್ಯಾನ್ ಮಾಡಿದಾಗ ತಲೆಬುರುಡೆಗೂ ಮಿದುಳಿಗೂ ನಡುವೆ ರಕ್ತ ಶೇಖರವಾಗಿರುವುದು ತಿಳಿಯಿತು. ವಯಸ್ಸಾದಂತೆ ಮಿದುಳು ಕುಗ್ಗಿ, ಅದರ ಹೊರಗಿನ ಸೂಕ್ಷ್ಮ ರಕ್ತನಾಳಗಳು ಸಣ್ಣ ಪೆಟ್ಟಿಗೂ ಹರಿಯಬಲ್ಲವು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರಿಗೆ ಅಪಾಯ ಇನ್ನೂ ಹೆಚ್ಚು. ಲಕ್ಷಣಗಳು ವಾರಗಳು ಕಳೆದ ಮೇಲೂ ತೋರಬಹುದು ಎಂದು ವೈದ್ಯರು ವಿವರಿಸಿದರು. ಅಮ್ಮ ಹೃದಯದ ತೊಂದರೆಗೆ ಅಂಥದೇ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಅಂದೇ ರಾತ್ರಿ ಬುರುಡೆಯಲ್ಲಿ ರಂಧ್ರ ಕೊರೆದು ರಕ್ತವನ್ನು ಹೊರತೆಗೆದರು. ಅಮ್ಮ ಉಳಿದರು.

ಬಳಿಕ ಆರಂಭವಾದದ್ದು ಕಾಗದಪತ್ರಗಳ ಹೋರಾಟ. ನ್ಯೂಜೆರ್ಸಿಯಲ್ಲಿ, ತಪ್ಪು ಯಾರದೇ ಇರಲಿ, ಗಾಯದ ಚಿಕಿತ್ಸೆಯ ವೆಚ್ಚವನ್ನು ಪಾಲಿಸಿಯ ಮಿತಿಯೊಳಗೆ ನಮ್ಮ ಕಾರಿನ ವಿಮೆಯಿಂದಲೇ ಕೇಳಬೇಕು. ಕಂಪನಿಯವರು ಪೊಲೀಸ್ ವರದಿಯನ್ನು ಮುಂದಿಟ್ಟು, ಇದು ಮುಪ್ಪಿನ ಕಾಯಿಲೆ ಎಂದರು. ನಮ್ಮ ನೆರವಿಗೆ ಬಂದದ್ದು ನನ್ನ ಪತ್ನಿಯ ಎರಡು ಅಭ್ಯಾಸಗಳು. ಅಮ್ಮನ ಭುಜದ ಮೇಲೆ ಸೀಟ್ ಬೆಲ್ಟಿನಿಂದಾದ ಬಾವಿನ ಚಿತ್ರ ತೆಗೆದು ಮೈಸೂರಿನ ನನ್ನ ತಂಗಿಗೆ ಕಳುಹಿಸಿದ್ದಳು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ‘ಅತ್ತೆಗೆ ತಲೆನೋವು’ ಎಂದು ಆರು ದಿನ ಬರೆದಿದ್ದಳು. ಅದರ ಆಧಾರದ ಮೇಲೆ ವೈದ್ಯರು ಪತ್ರ ಬರೆದುಕೊಟ್ಟರು. ಏಳು ತಿಂಗಳ ನಂತರ ಬಿಲ್ಲು ಪಾವತಿಯಾಯಿತು.

ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಗದಿರಲೆಂದು ಕೆಲವು ಮಾತು. ಅಪಘಾತದ ದಿನವೇ ಹಿರಿಯರನ್ನು ವೈದ್ಯರಿಗೆ ತೋರಿಸಿರಿ. ತುರ್ತು ಚಿಕಿತ್ಸಾ ವಿಭಾಗವುಳ್ಳ ಬಹುತೇಕ ಎಲ್ಲ ಆಸ್ಪತ್ರೆಗಳೂ, ಹಣವಿರಲಿ ಇಲ್ಲದಿರಲಿ, ಬಂದವರನ್ನು ಪರೀಕ್ಷಿಸಲೇಬೇಕೆಂದು 1986ರ ಕಾನೂನು ವಿಧಿಸುತ್ತದೆ. ಕನ್ನಡ ದುಭಾಷಿಯನ್ನು ಕೇಳಿರಿ. ಮಕ್ಕಳ ಮುಂದೆ ಮುಚ್ಚಿಟ್ಟ ನೋವನ್ನು ಹಿರಿಯರು ಅಪರಿಚಿತರಿಗೆ ಹೇಳುವುದುಂಟು. ಪೆಟ್ಟು ಹೇಗಾಯಿತು, ಯಾವ ಮಾತ್ರೆ ನುಂಗುತ್ತಾರೆ ಎಂಬುದು ದಾಖಲೆಯಲ್ಲಿ ಬರಲಿ. ಗಾಯದ ಚಿತ್ರಗಳನ್ನು ದಿನಾಂಕದೊಡನೆ ಇಡಿರಿ; ನೋವನ್ನು ದಿನವೂ ಬರೆದಿಡಿರಿ. ದಾಖಲೆಗಳ ಪ್ರತಿ ಪಡೆಯುವುದು ರೋಗಿಯ ಹಕ್ಕು. ದಾವೆ ಹೂಡಲು ನ್ಯೂಜೆರ್ಸಿಯಲ್ಲಿ ಸಾಮಾನ್ಯವಾಗಿ ಎರಡು ವರ್ಷಗಳ ಗಡುವಿದೆ. ಬೇರೆ ರಾಜ್ಯಗಳಲ್ಲಿ ಬೇರೆಯಿರಬಹುದು.

ಅಮ್ಮ ಈಗ ಮೈಸೂರಿನಲ್ಲಿದ್ದಾರೆ. ಪ್ರತಿ ಭಾನುವಾರ ಫೋನಿನಲ್ಲಿ ಆರೋಗ್ಯ ವಿಚಾರಿಸಿದರೆ ಅದೇ ಉತ್ತರ: ‘ನನಗೇನೂ ಆಗಿಲ್ಲ ಕಣೋ.’ ಆಗಲಿ ಅಮ್ಮ ಎನ್ನುತ್ತೇನೆ. ಆಮೇಲೆ ಫೋನನ್ನು ತಂಗಿಗೆ ಕೊಡಲು ಹೇಳುತ್ತೇನೆ.