ಮಣ್ಣಿಲ್ಲದ ಮೊಳಕೆ

ಕನ್ನಡದಲ್ಲಿ ‘ಮೊಳೆ’ ಎಂದರೆ ಗೋಡೆಗೆ ಹೊಡೆಯುವ ಕಬ್ಬಿಣದ ಮೊಳೆಯೂ ಹೌದು, ಕಾಳಿನಿಂದ ಮೂಡುವ ಅಂಕುರವೂ ಹೌದು. ಒಂದು ಹೊರಗಿನಿಂದ ಒಳಕ್ಕೆ ಹೋಗುತ್ತದೆ, ಇನ್ನೊಂದು ಒಳಗಿನಿಂದ ಹೊರಕ್ಕೆ ಬರುತ್ತದೆ. ಮೊನೆ ಮಾತ್ರ ಎರಡಕ್ಕೂ ಸಮಾನ. ಈ ಎರಡನೆಯ ಮೊಳೆ ನಮ್ಮ ಹಾವೇರಿ ಸೀಮೆಯ ಅಡಿಗೆಮನೆಗಳಿಗೆ ಹಳೆಯ ನಂಟು. ಮಡಿಕೆಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ಒದ್ದೆ ಅರಿವೆಯಲ್ಲಿ ಗಂಟು ಕಟ್ಟಿಟ್ಟರೆ ಮರುದಿನ ರೊಟ್ಟಿಯ ಜೊತೆಗೆ ಪಲ್ಯವಾಯಿತು. ಮಾಳಿಗೆಯ ಮೇಲೆ ಕೊಳವೆಗಳಲ್ಲಿ ನೀರು ಹರಿಯಿಸಿ ಸೊಪ್ಪು ಬೆಳೆಯಹೊರಟ ಇಂದಿನ ಉತ್ಸಾಹಿಗಳು, ಬೆಲೆಯುಳ್ಳ ಸಾಮಗ್ರಿಗಳನ್ನು ತರಿಸುವ ಮುನ್ನ ಈ ಗಂಟನ್ನೊಮ್ಮೆ ಬಿಚ್ಚಿ ನೋಡುವುದು ಲೇಸು.

ಈ ವಿದ್ಯೆಗೆ ‘ಹೈಡ್ರೋಪೋನಿಕ್ಸ್’ ಎಂಬ ಹೆಸರು ಕ್ಯಾಲಿಫೋರ್ನಿಯದ ಗೆರಿಕೆ ಎಂಬ ವಿಜ್ಞಾನಿಯಿಂದ 1937ರಲ್ಲಿ ಬಳಕೆಗೆ ಬಂದಿತು. ಭಾರತದಲ್ಲಿ ಬಂಗಾಳದ ಕಾಲಿಂಪಾಂಗಿನ ಕಡೆ ಷೋಲ್ಟೋ ಡಗ್ಲಸ್ ಎಂಬವರು 1946ರಲ್ಲಿ ಇದರ ಪ್ರಯೋಗಕ್ಕೆ ತೊಡಗಿದರು. ಕೆಲವರು ಇದನ್ನು ‘ಜಲಕೃಷಿ’ ಎನ್ನುತ್ತಾರೆ. ಮೀನು ಸಾಕುವವರೂ ಅದೇ ಮಾತನ್ನು ಬಳಸುವುದರಿಂದ ‘ಮಣ್ಣಿಲ್ಲದ ಬೇಸಾಯ’ ಎಂಬುದೇ ನನಗೆ ಒಪ್ಪಿಗೆ. ಹೆಸರು ಏನೇ ಇರಲಿ, ಮೊಳೆಯುವ ಮಟ್ಟಿಗೆ ಬೀಜಕ್ಕೆ ಮಣ್ಣಿನ ಹಂಗಿಲ್ಲ. ತಾಯಿಗಿಡ ಕಟ್ಟಿಕೊಟ್ಟ ಬುತ್ತಿ ಅದರೊಳಗೇ ಇದೆ. ಅದು ಕೇಳುವುದು ನೀರು, ಹದವಾದ ಬಿಸುಪು, ಉಸಿರಾಡಲು ಗಾಳಿ. ನೀರನ್ನು ಎಲ್ಲರೂ ಕೊಡುತ್ತಾರೆ, ಗಾಳಿಯನ್ನು ಮರೆಯುತ್ತಾರೆ. ಬಟ್ಟಲ ನೀರಿನಲ್ಲಿ ಮೂರು ದಿನ ಮುಳುಗಿದ ಬೀಜ ಕೊಳೆಯುವುದು ಉಸಿರುಕಟ್ಟಿ.

ಇದನ್ನು ಹಾನಗಲ್ಲಿನ ಭತ್ತದ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಅಗೆ ಹಾಕುವವರು ಬೀಜವನ್ನು ಮೊದಲು ಉಪ್ಪುನೀರಿಗೆ ಸುರಿದು, ತೇಲಿದ ಜಳ್ಳನ್ನು ತೆಗೆದು, ಮುಳುಗಿದ ಗಟ್ಟಿಕಾಳನ್ನು ಒಳ್ಳೆಯ ನೀರಿನಲ್ಲಿ ತೊಳೆಯುತ್ತಾರೆ. ಆಮೇಲೆ ಒಂದು ಹಗಲು ಒಂದು ರಾತ್ರಿ ನೆನೆಯಿಸಿ, ನೀರು ಬಸಿದು, ಗೋಣಿಚೀಲದಲ್ಲಿ ಬೆಚ್ಚಗೆ ಮುಚ್ಚಿಡುತ್ತಾರೆ. ಮರುದಿನ ಚೀಲದೊಳಗೆ ಕೈಯಿಟ್ಟರೆ ಬಿಸಿ ತಾಗುತ್ತದೆ. ಅದು ಕಾಳುಗಳ ಉಸಿರಿನ ಕಾವು. ಕಾವು ಮಿತಿಮೀರದಂತೆ ನೀರು ಚಿಮುಕಿಸಿ ಕೈಯಾಡಿಸಬೇಕು. ಭತ್ತದ್ದೇ ಒಂದು ವಿಚಿತ್ರವುಂಟು: ನೀರಿನಡಿಯಲ್ಲಿ ಗಾಳಿಯಿಲ್ಲದಿದ್ದರೂ ಅದು ಮೊಳೆಯಬಲ್ಲದು. ಆಗ ಬೇರನ್ನು ತಡೆಹಿಡಿದು, ಚಿಗುರಿನ ಕೋಶವನ್ನಷ್ಟೇ ಗಾಳಿ ಹುಡುಕಲು ಮೇಲಕ್ಕೆ ಕಳಿಸುತ್ತದೆ.

ನೀರು ಗಾಳಿ ಎರಡೂ ಇದ್ದು ಮೊಳೆಯದ ಬೀಜಗಳೂ ಉಂಟು. ಸವಣೂರಿನ ದೊಡ್ಡಹುಣಸೆ ಮಠದ ಮೂರು ಮಹಾವೃಕ್ಷಗಳನ್ನು ವಾಚಕರಲ್ಲಿ ಹಲವರು ನೋಡಿರಬಹುದು. ಜನ ದೊಡ್ಡ ಹುಣಸೆ ಎನ್ನುತ್ತಾರಾದರೂ ಅವು ಹುಣಸೆಯಲ್ಲ, ಆಫ್ರಿಕ ಮೂಲದ ಬಾವೊಬಾಬ್. 2023ರ ಮಳೆಗಾಲದಲ್ಲಿ ಒಂದು ಬುಡಸಹಿತ ಉರುಳಿತು. ಅದನ್ನು ಮತ್ತೆ ನೆಟ್ಟು ನಿಲ್ಲಿಸಿದರು. ಈ ಮರದ ಬೀಜದ ಸಿಪ್ಪೆ ನೀರನ್ನು ಒಳಗೆ ಬಿಡದಷ್ಟು ಗಡುಸು. ಉಜ್ಜಿ ಗೀರಬೇಕು, ಇಲ್ಲವೆ ಬಿಸಿನೀರಿನಲ್ಲಿ ನೆನೆಯಿಸಬೇಕು. ಮಾಳಿಗೆಯ ತೋಟದಲ್ಲಿ ಹಾಗಲದ ಬೀಜಕ್ಕೂ ಇದೇ ಉಪಚಾರ ಬೇಕು: ಚೂಪು ತುದಿಯನ್ನು ತುಸು ಚಿವುಟಿ ಒಂದು ರಾತ್ರಿ ನೆನೆಹಾಕಿ. ಕೊತ್ತಂಬರಿಯ ಕಾಳು ಎರಡು ಬೀಜಗಳುಳ್ಳ ಕಾಯಿ. ಹಲಗೆಯ ಕೆಳಗೆ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿದರೆ ಬೇಗ ಮೊಳೆಯುತ್ತದೆ.

ಮೊಳೆತ ಬೀಜಕ್ಕೆ ಆಸರೆಯಾಗಿ ತೆಂಗಿನ ನಾರಿನ ಪುಡಿ ಸಾಕು. ಉಪ್ಪಿನಂಶ ಹೋಗುವವರೆಗೆ ಎರಡು ಮೂರು ಸಲ ತೊಳೆಯಬೇಕು. ಸೀಳಿದ ಸ್ಪಂಜಿನ ತುಂಡೂ ಆದೀತು. ಬೀಜದ ಗಾತ್ರದ ಎರಡರಷ್ಟು ಆಳ ಸಾಕೆಂಬುದು ವಾಡಿಕೆ. ಆದರೆ ಲೆಟ್ಯೂಸ್ ಬೆಳಕು ಕಂಡರೆ ಚೆನ್ನಾಗಿ ಮೊಳೆಯುವ ಜಾತಿ, ಮೇಲೆಯೇ ಇಡಬೇಕು. ಅದಕ್ಕೆ ತಂಪು ಬೇಕು. ನಮ್ಮ ಏಪ್ರಿಲಿನ ಸೆಕೆಯಲ್ಲಿ ಹಟ ಹಿಡಿದು ಮಲಗಿಬಿಡುತ್ತದೆ. ಮೊಳೆ ಮೂಡಿದ ದಿನವೇ ಬಿಸಿಲಿನ ಬೆಳಕಿಗೆ ತರಬೇಕು. ನವರಾತ್ರಿಯಲ್ಲಿ ದೇವರಮನೆಯ ಘಟದ ಸುತ್ತ ಹಾಕಿದ ಕಾಳುಗಳು ಕತ್ತಲೆಯಲ್ಲಿ ಹಳದಿಯಾಗಿ ಉದ್ದುದ್ದ ಬೆಳೆಯುತ್ತವಲ್ಲ, ಅದು ಹಬ್ಬಕ್ಕೆ ಚಂದ, ತೋಟಕ್ಕಲ್ಲ. ಬೀಜದೆಲೆಗಳ ನಡುವೆ ನಿಜವಾದ ಎಲೆ ಕಾಣುವವರೆಗೆ ಬರಿಯ ನೀರು. ಅಲ್ಲಿಗೆ ಬುತ್ತಿ ಮುಗಿಯುತ್ತದೆ. ಆಮೇಲೆ ಪೋಷಕ ದ್ರಾವಣವನ್ನು ಅರ್ಧಕ್ಕಿಂತಲೂ ತೆಳುಮಾಡಿ ಕೊಡಬೇಕು.

ಇಷ್ಟೆಲ್ಲ ಉಪಚಾರವೂ ಜೀವವಿದ್ದ ಬೀಜಕ್ಕೆ. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚಿ, ರಾಮನಿಂದ ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾರೆ. ಹೊರತೆಗೆದಾಗ ಭತ್ತ ಸೊರಗಿತ್ತು, ರಾಗಿ ಗಟ್ಟಿಯಾಗಿತ್ತು. ಕವಿಯ ಕಣ್ಣು ಕುಲದ ಮೇಲುಕೀಳಿನ ಮೇಲಿತ್ತೆಂಬುದು ನಿಜ. ಆದರೂ ಕಾಳನ್ನು ಕೂಡಿಟ್ಟು ಸತ್ತ್ವ ಅಳೆಯುವ ಉಪಾಯ ಒಕ್ಕಲಿಗನದೇ. ನಮ್ಮ ಕಡೆ ಈಗ ಬಿತ್ತುವ ಸೋಯಾ ಅವರೆಗೆ ಆ ಸೆರೆವಾಸದ ತಾಳಿಕೆ ಬಹಳ ಕಡಿಮೆ. ಅದರ ಸಿಪ್ಪೆ ತೆಳ್ಳಗೆ, ಅಂಕುರ ಸಿಪ್ಪೆಯ ಅಡಿಯಲ್ಲೇ. ಚೀಲವನ್ನು ಎತ್ತಿ ಒಗೆದರೂ ಪೆಟ್ಟು ತಿನ್ನುತ್ತದೆ. ಪ್ರಮಾಣಿತ ಬೀಜಕ್ಕೆ ಗೊತ್ತುಪಡಿಸಿದ ಕನಿಷ್ಠ ಮೊಳಕೆ ಭತ್ತಕ್ಕೆ ನೂರಕ್ಕೆ 80 ಇದ್ದರೆ ಸೋಯಾಕ್ಕೆ 70, ಮೆಣಸಿನಕಾಯಿಗೆ 60.

ಮಾಳಿಗೆಯವನ ಬೀಜ ಮೊಳೆಯದಿದ್ದರೆ ಒಂದು ವಾರದ ಸೊಪ್ಪು ಹೋದೀತು. ಹಿರೇಕೆರೂರಿನ ಮಳೆಯಾಶ್ರಯದ ಹೊಲದಲ್ಲಿ ಮೊಳೆಯದಿದ್ದರೆ ಹದವೇ ಹೋಗುತ್ತದೆ, ಅದರೊಡನೆ ಬೀಜ ಗೊಬ್ಬರಕ್ಕೆ ತಂದ ಸಾಲ ಉಳಿಯುತ್ತದೆ. ಎರಡಕ್ಕೂ ಪರೀಕ್ಷೆ ಒಂದೇ. ನೀರಿನಲ್ಲಿ ಅದ್ದಿ ಹಿಂಡಿದ ಅರಿವೆಯ ಮೇಲೆ ಹತ್ತು ಸಾಲಿನಲ್ಲಿ ಹತ್ತತ್ತು ಕಾಳು ಇಟ್ಟು, ಸಡಿಲವಾಗಿ ಸುತ್ತಿ, ನೆರಳಿನಲ್ಲಿ ಒಣಗದಂತೆ ನೋಡಿಕೊಳ್ಳಬೇಕು. ಸೋಯಾವನ್ನು ಎಂಟನೆಯ ದಿನ, ಭತ್ತ ಮೆಣಸಿನಕಾಯಿಗಳನ್ನು ಹದಿನಾಲ್ಕನೆಯ ದಿನ ಬಿಚ್ಚಿ, ಬೇರು ಚಿಗುರು ಎರಡೂ ನೆಟ್ಟಗಿರುವ ಸಸಿಗಳನ್ನಷ್ಟೇ ಎಣಿಸಬೇಕು. ಎಣಿಕೆ ತುಸು ಇಳಿದಿದ್ದರೆ ಬಿತ್ತುವ ಬೀಜವನ್ನು ಅದಕ್ಕೆ ತಕ್ಕಂತೆ ಹೆಚ್ಚಿಸಬಹುದು. ಅರ್ಧಕ್ಕೆ ಇಳಿದಿದ್ದರೆ ಬೇರೆ ಬೀಜ ಹುಡುಕಬೇಕು. ಹುಡುಕಲು ದಿನಗಳು ಬೇಕಾದ್ದರಿಂದ ಈ ಅರಿವೆಯನ್ನು ಮೇ ತಿಂಗಳ ನಡುವಿನಲ್ಲೇ, ರೋಹಿಣಿ ಮಳೆ ಹೂಡುವ ಮೊದಲೇ ಒದ್ದೆ ಮಾಡಬೇಕು.