ಮಿದುಳಿನ ಕಾಲುವೆಗೆ ಕಟ್ಟುವ ಒಡ್ಡು

ಮಕ್ಕಳೇ, ಒಂದು ನಿಮಿಷ ಓದುವುದನ್ನು ನಿಲ್ಲಿಸಿ. ಎರಡು ಬೆರಳನ್ನು ಕಿವಿಯ ತುಸು ಮುಂದೆ, ಕೆನ್ನೆಯ ಮೇಲ್ಭಾಗದಲ್ಲಿ ಮೆತ್ತಗೆ ಇಡಿ. ಟಕ್ ಟಕ್ ಎಂದು ಬಡಿಯುತ್ತದೆಯೇ? ಸಿಗದಿದ್ದರೆ ಬೆರಳನ್ನು ಅತ್ತಿತ್ತ ಸರಿಸಿ ನೋಡಿ. ಪಕ್ಕದಲ್ಲಿ ಅಜ್ಜ-ಅಜ್ಜಿ ಇದ್ದರೆ ಅವರದನ್ನೂ ಹುಡುಕಿ. ಅದು ನೆತ್ತಿಯ ಚರ್ಮಕ್ಕೆ ರಕ್ತ ಒಯ್ಯುವ ನಾಳ. ಆ ಪುಟ್ಟ ನಾಳ ಒಬ್ಬರ ಜೀವವನ್ನೇ ಉಳಿಸಬಲ್ಲದು. ಅದು ಹೇಗೆಂದು ಮುಂದೆ ಹೇಳುತ್ತೇನೆ.

ತಲೆಯೊಳಗಿನ ಕಾಲುವೆಗಳು

ನಮ್ಮ ಮಿದುಳಿನ ತೂಕ ಹೆಚ್ಚೆಂದರೆ ಒಂದೂವರೆ ಕಿಲೋ. ಆದರೂ ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಏಳರಲ್ಲಿ ಒಂದು ಪಾಲು ಅದಕ್ಕೇ ಬೇಕು. ಕುತ್ತಿಗೆಯ ಮುಂಭಾಗದಲ್ಲಿ ಎರಡು, ಹಿಂಭಾಗದಲ್ಲಿ ಎರಡು, ಹೀಗೆ ನಾಲ್ಕು ನಾಳಗಳು ಮೇಲೇರಿ ಮಿದುಳಿನ ಬುಡದಲ್ಲಿ ಒಂದು ಬಳೆಯಂತೆ ಕೂಡಿಕೊಳ್ಳುತ್ತವೆ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1664ರಲ್ಲಿ ತನ್ನ ಪುಸ್ತಕದಲ್ಲಿ ಇದನ್ನು ವಿವರಿಸಿದ. ಆದ್ದರಿಂದ ಇದಕ್ಕೆ ವಿಲ್ಲಿಸನ ಬಳೆ ಎಂದೇ ಹೆಸರು. ಈ ಬಳೆಯಿಂದ ಕವಲುಗಳು ಹೊರಟು ಮಿದುಳಿನ ಮೂಲೆಮೂಲೆಗೂ ರಕ್ತ ಒಯ್ಯುತ್ತವೆ.

ಸಿಂಧನೂರು, ಮಸ್ಕಿ ಕಡೆಯ ಮಕ್ಕಳಿಗೆ ತುಂಗಭದ್ರಾ ಎಡದಂಡೆ ಕಾಲುವೆ ಗೊತ್ತು. ಲಿಂಗಸೂಗೂರಿನವರಿಗೆ ನಾರಾಯಣಪುರ ಬಲದಂಡೆ ಕಾಲುವೆ ಗೊತ್ತು. ಮುಖ್ಯ ಕಾಲುವೆಯಿಂದ ಉಪಕಾಲುವೆ ಕವಲೊಡೆಯುವ ಕಡೆ ನಿಂತು ನೋಡಿ. ನೀರಿನ ಸೆಳೆತ ಅಲ್ಲಿಯೇ ದಂಡೆಗೆ ಬಡಿಯುತ್ತದೆ. ದಂಡೆ ಸವೆಯುವುದೂ ಅಲ್ಲಿಯೇ. ರಕ್ತನಾಳವೂ ಹಾಗೆ. ಕವಲು ಒಡೆಯುವ ಜಾಗದಲ್ಲಿ ಗೋಡೆ ತೆಳುವಾಗಿ ಹೊರಗೆ ಉಬ್ಬುತ್ತದೆ. ಸೈಕಲ್ ಟ್ಯೂಬು ಒಂದು ಕಡೆ ಉಬ್ಬಿದಂತೆ. ಇದಕ್ಕೆ ಡಾಕ್ಟರರು ಅನ್ಯೂರಿಸಂ ಎನ್ನುತ್ತಾರೆ.

ಕೆಲವು ಉಬ್ಬು ಎಳ್ಳಿನಷ್ಟು, ಕೆಲವು ಜೋಳದ ಕಾಳಿನಷ್ಟು, ಕೆಲವು ದ್ರಾಕ್ಷಿಯಷ್ಟು. 25 ಮಿಲಿಮೀಟರಿಗಿಂತ ದೊಡ್ಡದಾದರೆ ಅದು ದೈತ್ಯ ಗಾತ್ರದ್ದು. ಹತ್ತು ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರ್, ಅಳತೆ ಹಾಕಿಕೊಳ್ಳಿ. ನೂರು ಮಂದಿ ದೊಡ್ಡವರಲ್ಲಿ ಸುಮಾರು ಮೂವರ ತಲೆಯಲ್ಲಿ ಇಂಥ ಉಬ್ಬು ಇರುತ್ತದೆ. ಹೆಚ್ಚಿನವು ಕೊನೆಯವರೆಗೂ ಒಡೆಯುವುದಿಲ್ಲ, ಇರುವುದೂ ಗೊತ್ತಾಗುವುದಿಲ್ಲ. ಆದ್ದರಿಂದ ಯಾರೂ ಹೆದರಬೇಕಿಲ್ಲ. ಆದರೆ ಒಡೆದದ್ದನ್ನು ಗುರುತಿಸಲು ಎಲ್ಲರಿಗೂ ಬರಬೇಕು.

ಸಿಡಿಲಿನಂಥ ತಲೆನೋವು

ನಾನು ಬ್ಯಾಂಕಿನಲ್ಲಿದ್ದಾಗ ಪೆನ್ಷನ್ ಸಾಲಿನಲ್ಲಿ ನಿಂತಿದ್ದ ಹಿರಿಯರೊಬ್ಬರು ಒಮ್ಮೆಲೇ ಹೆಡಕು ಹಿಡಿದುಕೊಂಡು ಕುಸಿದರು. "ತಲಿ ಸೀಳಿಧಂಗ ಆತ್ರೀ" ಎಂದರು, ವಾಂತಿ ಮಾಡಿಕೊಂಡರು. "ಪಿತ್ತ ಆಗೇದ, ಒಂದು ನಿಂಬು ಸೋಡಾ ಕುಡಸ್ರಿ" ಎಂದು ಸುತ್ತಲಿದ್ದವರು ಉಪಚಾರ ಮಾಡಿದರು. ಸ್ವಲ್ಪ ಹೊತ್ತಿಗೆ ಅವರು ಚೇತರಿಸಿಕೊಂಡರು. ಮಗ ಮೋಟಾರ್ ಸೈಕಲ್ ಮೇಲೆ ಕೂರಿಸಿಕೊಂಡು ಊರಿಗೆ ಕರೆದೊಯ್ದ. ಅದೇ ರಾತ್ರಿ ಮತ್ತೆ ನೋವು ಬಂತು, ಮಾತು ನಿಂತಿತು. ರಾಯಚೂರಿಗೆ ಒಯ್ದಾಗ ಸ್ಕ್ಯಾನಿನಲ್ಲಿ ಮಿದುಳಿನ ಸುತ್ತ ರಕ್ತ ಹರಡಿದ್ದು ಕಂಡಿತು. ಅವರು ಉಳಿಯಲಿಲ್ಲ.

ಉಬ್ಬು ಮೊದಲ ಸಲ ಒಡೆದಾಗ ಎಷ್ಟೋ ಸಲ ಒಂದು ಹೆಪ್ಪು ತೂತಿಗೆ ಬಿರಡೆಯಂತೆ ಕೂರುತ್ತದೆ. ರೋಗಿ ಎದ್ದು ಕೂರುತ್ತಾನೆ, ಮನೆಯವರು ಸಮಾಧಾನಪಡುತ್ತಾರೆ. ಆದರೆ ಮುಂದಿನ 24 ತಾಸಿನಲ್ಲಿ ಅದು ಮತ್ತೆ ಒಡೆಯುವ ಭಯ ಎಲ್ಲಕ್ಕಿಂತ ಹೆಚ್ಚು. ಎರಡನೆಯ ಸಲದ ರಕ್ತಸ್ರಾವ ಬಹಳ ಮಂದಿಯನ್ನು ಉಳಿಸಗೊಡುವುದಿಲ್ಲ. ಶಸ್ತ್ರಚಿಕಿತ್ಸೆ ಇರುವುದು ಆ ಎರಡನೆಯದನ್ನು ತಡೆಯಲಿಕ್ಕೆ.

ಬೆಳ್ಳಿಯ ಕ್ಲಿಪ್ಪು

1937ರ ಮಾರ್ಚ್‌ನಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ವಾಲ್ಟರ್ ಡ್ಯಾಂಡಿ ಎಂಬ ಶಸ್ತ್ರವೈದ್ಯರು ಮೊದಲ ಬಾರಿಗೆ ಇಂಥ ಉಬ್ಬಿನ ಕುತ್ತಿಗೆಗೆ ಬೆಳ್ಳಿಯ ಪುಟ್ಟ ಕ್ಲಿಪ್ಪು ಹಾಕಿದರು. ಬಟ್ಟೆ ಒಣಹಾಕುವ ಕ್ಲಿಪ್ಪು ನೋಡಿದ್ದೀರಲ್ಲ, ಕೆಲಸ ಅದರದೇ. ನಾಳದಲ್ಲಿ ರಕ್ತ ಹರಿಯುತ್ತಿರಬೇಕು, ಉಬ್ಬಿನೊಳಕ್ಕೆ ಮಾತ್ರ ಹೋಗಬಾರದು. ಆಮೇಲೆ ಆಪರೇಷನ್ನಿಗೆ ಸೂಕ್ಷ್ಮದರ್ಶಕ ಬಂತು. ಈಗಿನ ಕ್ಲಿಪ್ಪುಗಳು ಹೆಚ್ಚಾಗಿ ಟೈಟಾನಿಯಂ ಲೋಹದವು.

ಕರ್ನಾಟಕದಲ್ಲಿ ಈ ವಿದ್ಯೆಗೆ ದೊಡ್ಡ ಮನೆ ಬೆಂಗಳೂರಿನ ನಿಮ್ಹಾನ್ಸ್. 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯೂ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಸೇರಿ ಅದು ಹುಟ್ಟಿತು. ಅದರ ಸ್ಥಾಪಕ ನಿರ್ದೇಶಕ ಡಾ. ಆರ್. ಮಾರ್ತಾಂಡ ವರ್ಮ ಸ್ವತಃ ಮಿದುಳಿನ ಶಸ್ತ್ರವೈದ್ಯರಾಗಿದ್ದರು.

ಕ್ಲಿಪ್ಪು ಕೂರದಿದ್ದಾಗ

ಕೆಲವು ಉಬ್ಬುಗಳು ಬಲು ತೊಡಕಿನವು. ಕೆಲವಕ್ಕೆ ಕುತ್ತಿಗೆಯೇ ಇರುವುದಿಲ್ಲ, ಬಾಯಿ ಅಗಲ. ಕೆಲವದರ ಗೋಡೆ ಸುಣ್ಣಗಟ್ಟಿ ಗಟ್ಟಿಯಾಗಿರುತ್ತದೆ. ಕೆಲವದರ ಒಡಲಿನಿಂದಲೇ ಬೇರೆ ಕವಲು ಹೊರಟಿರುತ್ತದೆ. ಉಬ್ಬನ್ನು ಮುಚ್ಚಿದರೆ ಆ ಕವಲೂ ಮುಚ್ಚಿ ಮಿದುಳಿನ ಒಂದು ಭಾಗ ಒಣಗುತ್ತದೆ. ಇಂಥವಕ್ಕೆ ವೈದ್ಯರು ಬೇರೆ ಬೇರೆ ದಾರಿ ಹುಡುಕಿದ್ದಾರೆ.

ಮೊದಲನೆಯದು ಒತ್ತಡ ಇಳಿಸಿ ದುರಸ್ತಿ ಮಾಡುವುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು ನಿಮ್ಮ ಅಜ್ಜಂದಿರಿಗೆ ನೆನಪಿರಬೇಕು. ನಮ್ಮ ಭಾಗದ ರೈತರು ನಿದ್ದೆಗೆಟ್ಟ ವಾರ ಅದು. ಉಳಿದ ಗೇಟುಗಳಿಂದಲೂ ನೀರು ಬಿಟ್ಟು ಒತ್ತಡ ತಗ್ಗಿಸಿದರು. ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರು. ಮಿದುಳಿನ ಶಸ್ತ್ರವೈದ್ಯರೂ ಉಬ್ಬಿನ ಹಿಂದಿನ ನಾಳಕ್ಕೆ ತಾತ್ಕಾಲಿಕ ಕ್ಲಿಪ್ಪು ಹಾಕಿ ಒತ್ತಡ ಇಳಿಸುತ್ತಾರೆ. ಉಬ್ಬು ಮೆತ್ತಗಾದಾಗ ಕಾಯಂ ಕ್ಲಿಪ್ಪುಗಳನ್ನು ಒಂದರ ಪಕ್ಕ ಒಂದು ಜೋಡಿಸಿ ನಾಳದ ಆಕಾರವನ್ನೇ ಮತ್ತೆ ಕಟ್ಟುತ್ತಾರೆ. ಅಣೆಕಟ್ಟಿನವರಿಗೆ ಒಂದು ವಾರ ಸಿಕ್ಕಿತು, ಇವರಿಗೆ ಸಿಗುವುದು ಕೆಲವೇ ನಿಮಿಷ. ರಕ್ತವಿಲ್ಲದೆ ಮಿದುಳು ಹೆಚ್ಚು ಹೊತ್ತು ತಡೆಯದು.

ಎರಡನೆಯದು ಬೈಪಾಸ್. ನೀವು ಬೆರಳಿಟ್ಟು ನೋಡಿದ ನಾಳದ ಉಪಯೋಗ ಇಲ್ಲಿದೆ. ಕಾಲುವೆಯ ಒಂದು ಭಾಗವನ್ನು ಮುಚ್ಚಲೇಬೇಕಾದರೆ ಕೊನೆಭಾಗದ ಹೊಲಗಳಿಗೆ ಬೇರೆ ಕಡೆಯಿಂದ ನೀರು ತರಬೇಕಲ್ಲವೇ? ನೆತ್ತಿಯ ಆ ನಾಳವನ್ನು ಬಿಡಿಸಿಕೊಂಡು, ತಲೆಬುರುಡೆಯ ಕಿಂಡಿಯೊಳಗೆ ಇಳಿಸಿ, ಮಿದುಳಿನ ನಾಳಕ್ಕೆ ಹೊಲಿಯುತ್ತಾರೆ. ನಾಳದ ಅಗಲ ಒಂದೆರಡು ಮಿಲಿಮೀಟರ್, ಹೊಲಿಯುವ ದಾರ ಕೂದಲಿಗಿಂತ ಸಪೂರ. ತುರ್ಕಿಯಲ್ಲಿ ಹುಟ್ಟಿದ ಗಾಜಿ ಯಾಸರ್ಗಿಲ್ ಎಂಬ ವೈದ್ಯರು 1967ರಲ್ಲಿ ಜ್ಯೂರಿಕ್‌ನಲ್ಲಿ ಇದನ್ನು ಮಾಡಿ ತೋರಿಸಿದರು. ಹೊಸ ದಾರಿಯಲ್ಲಿ ರಕ್ತ ಹರಿಯತೊಡಗಿದ ಮೇಲೆ ಉಬ್ಬಿರುವ ನಾಳವನ್ನು ಧೈರ್ಯವಾಗಿ ಮುಚ್ಚಬಹುದು.

ಮೂರನೆಯದು ತಲೆ ತೆರೆಯದೆ ಮಾಡುವುದು. ಲಿಂಗಸೂಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಅದಿರಿಗಾಗಿ ನೆಲವನ್ನೆಲ್ಲ ಅಗೆಯುವುದಿಲ್ಲ, ಶಾಫ್ಟಿನಲ್ಲಿ ಇಳಿದು ಸುರಂಗದ ದಾರಿ ಹಿಡಿಯುತ್ತಾರೆ. ಹಾಗೆಯೇ ತೊಡೆಯ ಸಂದಿನ ಅಥವಾ ಮುಂಗೈಯ ರಕ್ತನಾಳದಿಂದ ತೆಳ್ಳನೆಯ ಕೊಳವೆ ತೂರಿಸಿ, ಎಕ್ಸ್‌ರೇ ಪರದೆ ನೋಡುತ್ತ ಮಿದುಳಿನವರೆಗೆ ಹೋಗುತ್ತಾರೆ. ಉಬ್ಬಿನೊಳಗೆ ಪ್ಲಾಟಿನಂ ತಂತಿಯ ಸುರುಳಿ ತುಂಬುತ್ತಾರೆ. ಇಟಲಿಯ ವೈದ್ಯ ಗುಗ್ಲಿಯೆಲ್ಮಿ ಅಮೆರಿಕದಲ್ಲಿ ಈ ಸುರುಳಿಯನ್ನು ಮೊದಲು ರೋಗಿಗೆ ಬಳಸಿದ್ದು 1990ರಲ್ಲಿ. ಬಾಯಿ ಅಗಲವಿದ್ದರೆ ನಾಳದೊಳಗೇ ಹೆಣೆದ ಲೋಹದ ಜಾಳಿಗೆ ಕೂರಿಸುತ್ತಾರೆ. ರಕ್ತ ನೇರವಾಗಿ ಮುಂದೆ ಹರಿದುಹೋಗುತ್ತದೆ, ಉಬ್ಬು ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು ತಾನೇ ಮುಚ್ಚಿಕೊಳ್ಳುತ್ತದೆ.

ಎರಡು ಕಲಮಿನ ಲೆಕ್ಕ

ಒಡೆಯದ ಉಬ್ಬು ಅಕಸ್ಮಾತ್ ಸ್ಕ್ಯಾನಿನಲ್ಲಿ ಕಂಡರೆ ಏನು ಮಾಡಬೇಕು? ಇಲ್ಲಿ ವೈದ್ಯರು ನಮ್ಮಂಥ ಗುಮಾಸ್ತರ ಹಾಗೆ ಎರಡು ಕಲಮು ಬರೆಯುತ್ತಾರೆ. ಒಂದು ಕಡೆ ಬಿಟ್ಟರೆ ಒಡೆಯುವ ಅಪಾಯ: ಗಾತ್ರ, ಜಾಗ, ರಕ್ತದೊತ್ತಡ, ಬೀಡಿ-ಸಿಗರೇಟು, ಮನೆತನದಲ್ಲಿ ಇದ್ದದ್ದು. ಇನ್ನೊಂದು ಕಡೆ ಆಪರೇಷನ್ನಿನ ಅಪಾಯ: ವಯಸ್ಸು, ಬೇರೆ ಕಾಯಿಲೆ, ಉಬ್ಬಿನ ತೊಡಕು. ಎಷ್ಟೋ ಸಲ ಲೆಕ್ಕ ಕೂಡಿಸಿ, "ಆಪರೇಷನ್ ಬೇಡ, ಬಿ.ಪಿ. ಹಿಡಿತದಲ್ಲಿಡಿ, ಆಗಾಗ ಸ್ಕ್ಯಾನ್ ಮಾಡಿಸಿ" ಎನ್ನುತ್ತಾರೆ. ಅದೂ ಚಿಕಿತ್ಸೆಯೇ.

ಮನೆಯವರ ಪಾಲಿನ ಕೆಲಸ

ಬೆಂಗಳೂರು ನಮಗೆ ಒಂದು ರಾತ್ರಿಯ ಬಸ್ಸಿನ ದಾರಿ. ಆದರೆ ಮೊದಲು ಬೇಕಾದದ್ದು ಬೆಂಗಳೂರಲ್ಲ, ಸಿ.ಟಿ. ಸ್ಕ್ಯಾನ್ ಇರುವ ಹತ್ತಿರದ ದೊಡ್ಡ ಆಸ್ಪತ್ರೆ. ರಾಯಚೂರು, ಬಳ್ಳಾರಿ, ಕಲಬುರಗಿ, ಹುಬ್ಬಳ್ಳಿಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಮುಂದೆ ಎಲ್ಲಿಗೆ ಕಳಿಸಬೇಕೆಂದು ಅಲ್ಲಿನ ವೈದ್ಯರು ಹೇಳುತ್ತಾರೆ.

ಮಕ್ಕಳು ನೆನಪಿಡಬೇಕಾದ ಗುರುತುಗಳು ಇವು:

• ಹಿಂದೆಂದೂ ಬಾರದಷ್ಟು ಜೋರಾದ ತಲೆನೋವು, ಕ್ಷಣದಲ್ಲಿ ಬಂದದ್ದು
• ಜೊತೆಗೆ ವಾಂತಿ, ಹೆಡಕು ಬಿಗಿತ, ಬೆಳಕು ಸಹಿಸದಿರುವುದು
• ಒಂದು ಕಣ್ಣಿನ ರೆಪ್ಪೆ ಜೋತುಬೀಳುವುದು, ಒಂದು ವಸ್ತು ಎರಡಾಗಿ ಕಾಣುವುದು
• ಎಚ್ಚರ ತಪ್ಪುವುದು, ಫಿಟ್ಸ್ ಬರುವುದು

ಇಂಥದ್ದು ಕಂಡರೆ ಕೂಡಲೇ 108ಕ್ಕೆ ಫೋನ್ ಮಾಡಿ. ಎಚ್ಚರವಿಲ್ಲದವರ ಬಾಯಿಗೆ ನೀರು, ಸೋಡಾ ಹಾಕಬೇಡಿ, ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಅಂಗಡಿಯ ನೋವಿನ ಗುಳಿಗೆ ಕೊಡಬೇಡಿ. ಆಸ್ಪಿರಿನ್‌ನಂಥವು ರಕ್ತ ಹೆಪ್ಪುಗಟ್ಟುವುದನ್ನೇ ತಡೆಯುತ್ತವೆ. ನೋವು ಕಡಿಮೆಯಾಯಿತೆಂದು ಆಂಬುಲೆನ್ಸ್ ವಾಪಸ್ ಕಳಿಸಬೇಡಿ.

ಹಿರಿಯರಿಗೆ ನನ್ನದೊಂದು ಮಾತು. "ಈಗ ಆರಾಮ ಅದೀನಿ" ಎಂದು ಬಿ.ಪಿ. ಗುಳಿಗೆ ಬಿಡಬೇಡಿ. ಬೀಡಿ, ತಂಬಾಕು ಬಿಡಿ. ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಆಧಾರ್, ಪಡಿತರ ಚೀಟಿ, ಆರೋಗ್ಯ ಕಾರ್ಡು, ಈಗ ನುಂಗುತ್ತಿರುವ ಗುಳಿಗೆಗಳ ಚೀಟಿ ಎಲ್ಲ ಒಂದೇ ಚೀಲದಲ್ಲಿರಲಿ. ಅದು ಎಲ್ಲಿದೆಯೆಂದು ಮೊಮ್ಮಕ್ಕಳಿಗೆ ಇವತ್ತೇ ತೋರಿಸಿಡಿ.