ಲಂಡನ್ ಪಟ್ಟಣದಲ್ಲಿ ಮೊದಲನೆಯ ದಿನ

ನಮ್ಮ ಶಾಲೆಯಲ್ಲಿ ಓದಿದವರು ರಜೆಯಲ್ಲಿ ಲಂಡನಿಗೆ ಹೋಗಿಬರುವುದುಂಟು. ಅಲ್ಲಿ ಉದ್ಯೋಗದಲ್ಲಿರುವ ಮಗಳು ವಯಸ್ಸಾದ ತಂದೆತಾಯಿಗಳನ್ನು ಕರೆಯಿಸಿಕೊಳ್ಳುವುದೂ ಈಗ ಅಪರೂಪವಲ್ಲ. ಆದರೆ ಹೋದವರಲ್ಲಿ ಬಹುಮಂದಿ ಮೊದಲನೆಯ ದಿನವನ್ನೇ ಕೆಡಿಸಿಕೊಳ್ಳುತ್ತಾರೆ. ಇಷ್ಟು ಹಣ ವೆಚ್ಚಮಾಡಿ ಬಂದಮೇಲೆ ಒಂದು ಗಳಿಗೆಯನ್ನೂ ಕಳೆಯಬಾರದೆಂದು ಅರಮನೆ, ವಸ್ತುಸಂಗ್ರಹಾಲಯ, ಅಂಗಡಿಬೀದಿ ಎಂದು ಅಲೆದು ಬಳಲುವವರು ಕೆಲವರು. ಹಗಲಿನಲ್ಲಿಯೇ ಪರದೆಯಿಳಿಸಿ ಮಲಗಿ, ನಡುರಾತ್ರಿಯಲ್ಲಿ ಎದ್ದು ಕುಳಿತುಕೊಳ್ಳುವವರು ಕೆಲವರು. ಎರಡೂ ಸಲ್ಲದು. ಏಕೆ ಸಲ್ಲದೆಂಬುದನ್ನು ತಿಳಿದರೆ ಉಪಾಯವು ತಾನಾಗಿಯೇ ತೋರುವುದು.

ಭೂಮಿಯು ಗಂಟೆಗೆ 15 ಅಂಶಗಳಂತೆ ತಿರುಗುತ್ತದೆ. ನಮ್ಮ ದೇಶದ ಗಡಿಯಾರವು ಗ್ರೀನಿಚ್ಚಿಗೆ ಪೂರ್ವದಲ್ಲಿ 82½ ಅಂಶದ ರೇಖೆಯನ್ನು ಅನುಸರಿಸುವುದರಿಂದ ನಾವು ಐದೂವರೆ ಗಂಟೆ ಮುಂದಿದ್ದೇವೆ. ಬೇಸಗೆಯಲ್ಲಿ ಇಂಗ್ಲೆಂಡಿನವರು ತಮ್ಮ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಆಗ ಅಂತರವು ನಾಲ್ಕೂವರೆ ಗಂಟೆ. ಹಡಗಿನ ಕಾಲದಲ್ಲಿ ಈ ಅಂತರವು ವಾರಗಟ್ಟಲೆ ಹರಡಿಕೊಂಡು ಅರಿವಿಗೇ ಬರುತ್ತಿರಲಿಲ್ಲ. ವಿಮಾನವಾದರೋ ಬೆಂಗಳೂರಿನಿಂದ ಹತ್ತು ಹನ್ನೊಂದು ಗಂಟೆಗಳಲ್ಲಿ ಮೈಯನ್ನು ಸಾಗಿಸಿಬಿಡುತ್ತದೆ; ಮೈಯೊಳಗಿನ ಗಡಿಯಾರವು ಊರಿನ ವೇಳೆಯನ್ನೇ ತೋರಿಸುತ್ತಿರುತ್ತದೆ. ಇದು ಬರಿಯ ಉಪಮೆಯಲ್ಲ. ಮೆದುಳಿನ ತಳದಲ್ಲಿ, ಎರಡು ಕಣ್ಣುಗಳ ನರಗಳು ಒಂದನ್ನೊಂದು ಹಾಯುವ ಸ್ಥಳದ ಮೇಲುಗಡೆ, ಜೀವಕೋಶಗಳ ಎರಡು ಸಣ್ಣ ಗುಂಪುಗಳಿವೆ. ನಿದ್ರೆ, ಹಸಿವು, ಮೈಯ ಶಾಖ ಇವುಗಳ ಏರಿಳಿತವನ್ನು ಅವೇ ನಡೆಯಿಸುತ್ತವೆ. ಅವುಗಳನ್ನು ತಿದ್ದುವುದು ಕಣ್ಣಿಗೆ ಬೀಳುವ ಬೆಳಕು. ಅದೂ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ. ಪಶ್ಚಿಮಕ್ಕೆ ಹೋದವರು ಒಳಗಡಿಯಾರವನ್ನು ಹಿಂದಕ್ಕೆ ಸರಿಸಬೇಕಾಗಿರುವುದರಿಂದ ಅವರಿಗೆ ಸಂಜೆಯ ಬೆಳಕೇ ಔಷಧ.

ಇನ್ಸುಲಿನ್ ಚುಚ್ಚಿಕೊಳ್ಳುವವರೂ ಗಂಟೆ ಹಿಡಿದು ಮಾತ್ರೆ ಸೇವಿಸುವವರೂ ಹೊಸ ವೇಳೆಯನ್ನು ಹೊರಡುವ ಮುನ್ನವೇ ವೈದ್ಯರಿಂದ ಬರೆಯಿಸಿಕೊಳ್ಳತಕ್ಕದ್ದು. ಇದು ಅಲಕ್ಷ್ಯಮಾಡತಕ್ಕ ಮಾತಲ್ಲ.

ಆದುದರಿಂದ ಮಧ್ಯಾಹ್ನ ಹಗುರವಾಗಿ ಊಟಮಾಡಿ, ತಡೆಯಲಾರದಿದ್ದರೆ ಅರ್ಧ ಗಂಟೆ ಮಾತ್ರ ಒರಗಿ, ಸಂಜೆ ಹೊರಗೆ ಹೊರಡಿರಿ. ಜೂನ್ ತಿಂಗಳಿನಲ್ಲಿ ಅಲ್ಲಿ ಸೂರ್ಯನು ಮುಳುಗುವುದು ರಾತ್ರಿ ಒಂಬತ್ತು ಗಂಟೆಯ ಮೇಲೆ. ಡಿಸೆಂಬರಿನಲ್ಲಿಯಾದರೆ ನಾಲ್ಕಕ್ಕೆ ಮೊದಲೇ ಮುಳುಗುವುದರಿಂದ ಊಟವಾದೊಡನೆ ಹೊರಡಬೇಕು.

ಎಲ್ಲಿಗೆ? ನನ್ನ ಮಟ್ಟಿಗೆ ಥೇಮ್ಸ್ ನದಿಯ ಪೂರ್ವದಂಡೆಯಲ್ಲಿ ಲ್ಯಾಂಬೆತ್ ಸೇತುವೆಯಿಂದ ವೆಸ್ಟ್‌ಮಿನ್‌ಸ್ಟರ್ ಸೇತುವೆಯವರೆಗಿನ ದಾರಿಗಿಂತ ಒಳ್ಳೆಯದಿಲ್ಲ. ಒಂದು ಮೈಲಿಯೂ ಇಲ್ಲ, ಏರಿಲ್ಲ. ಇಳಿಬಿಸಿಲು ನದಿಯ ಆಚೆಯಿಂದ ಬರುತ್ತದೆ. ಲ್ಯಾಂಬೆತ್ ಸೇತುವೆಯ ಬಳಿಯ ತೋಟದಲ್ಲಿ ನಮ್ಮ ಬಸವಣ್ಣನವರ ಪ್ರತಿಮೆಯಿದೆ; 2015ನೆಯ ಇಸವಿಯ ನವೆಂಬರ್ 14ರಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಅದನ್ನು ಅನಾವರಣಗೊಳಿಸಿದರು. ಅಲ್ಲಿಂದ ಉತ್ತರಕ್ಕೆ ನಡೆದರೆ ಬಲಗಡೆಗೆ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರ ನಿವಾಸವಾದ ಲ್ಯಾಂಬೆತ್ ಅರಮನೆ. ಕಲ್ಯಾಣದ ಶರಣರೂ ಆಂಗ್ಲ ಸಭೆಯ ಹಿರಿಯ ಗುರುಗಳೂ ಹೀಗೆ ನೆರೆಹೊರೆಯವರಾದದ್ದು ನೋಡತಕ್ಕ ಸಂಗತಿಯೇ.

ಮುಂದೆ ದಂಡೆಯ ಉದ್ದಕ್ಕೂ ಒಂದು ಗೋಡೆ. ಕೋವಿಡ್ ಜಾಡ್ಯದಿಂದ ಮಡಿದವರಿಗಾಗಿ ಅವರ ಬಂಧುಗಳು 2021ರ ವಸಂತದಲ್ಲಿ ಇದರ ಮೇಲೆ ಕೆಂಪು ಹೃದಯಗಳನ್ನು ಬರೆಯತೊಡಗಿದರು, ಒಬ್ಬರಿಗೆ ಒಂದು. ಅರ್ಧ ಕಿಲೋಮೀಟರಿನಷ್ಟು ದೂರ ಹೃದಯಗಳೇ, ಅನೇಕವುಗಳಲ್ಲಿ ಹೆಸರುಗಳು. ಅಲ್ಲಿ ಯಾರೂ ಗಟ್ಟಿಯಾಗಿ ಮಾತನಾಡುವುದಿಲ್ಲ. ಗೋಡೆಯ ಹಿಂದಿರುವುದು ಸೇಂಟ್ ಥಾಮಸ್ ಆಸ್ಪತ್ರೆ. ಫ್ಲಾರೆನ್ಸ್ ನೈಟಿಂಗೇಲಳ ದಾದಿಯರ ಶಿಕ್ಷಣಶಾಲೆಯು 1860ರಲ್ಲಿ ಈ ಆಸ್ಪತ್ರೆಗೆ ಸೇರಿದಂತೆಯೇ ಪ್ರಾರಂಭವಾಯಿತು. ಆಸ್ಪತ್ರೆಯು ಈ ದಂಡೆಗೆ ಬಂದುದು 1871ರಲ್ಲಿ. ಭಾರತವನ್ನು ಎಂದೂ ಕಾಣದ ಆ ಮಹಿಳೆ ನಮ್ಮ ಊರುಗಳ ನೀರು, ಚರಂಡಿಗಳ ವಿಷಯವಾಗಿ ಎಷ್ಟೋ ವರ್ಷ ಬರೆದಳು. ದಾದಿಯ ವೃತ್ತಿಯನ್ನು ಹಿಡಿದ ನಮ್ಮ ಸೋದರಿಯರು ಇಲ್ಲಿ ಒಂದು ಕ್ಷಣ ನಿಲ್ಲದೆ ಹೋಗಲಾರರು.

ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ನಿಂತರೆ 1859ರಿಂದ ಹೊಡೆಯುತ್ತಿರುವ ದೊಡ್ಡ ಗಂಟೆಯ ಧ್ವನಿಯು ಕೇಳುತ್ತದೆ. ಅದನ್ನು ಕೇಳಿ ಮನೆಗೆ ಹಿಂದಿರುಗಿ, ಒಂಬತ್ತಕ್ಕೆ ಮೊದಲು ಮಲಗದಿರುವುದು ಲೇಸು. ಮೂರು ಗಂಟೆಗೇ ಎಚ್ಚರವಾದರೆ ಗಾಬರಿ ಬೇಡ, ಬೇಸಗೆಯಾದರೆ ಊರಿನಲ್ಲಿ ಆಗ ಏಳೂವರೆ. ದೀಪ ಹಚ್ಚದೆ, ಪರದೆ ಸರಿಸದೆ ಸುಮ್ಮನೆ ಮಲಗಿರತಕ್ಕದ್ದು. ಬ್ರಿಟಿಷ್ ಮ್ಯೂಜಿಯಮ್ 1759ರಿಂದ ಜನರಿಗೆ ತೆರೆದಿದೆ; ಅದು ಎರಡನೆಯ ದಿನಕ್ಕೂ ಅಲ್ಲಿಯೇ ಇರುತ್ತದೆ.